ಬಿದ್ದವರನ್ನು ಕೂರಿಸಿಬಿಡಬೇಡಿ: ಚೆನ್ನೈನ ನುಂಗಂಬಾಕ್ಕಂ ಮನೆಗಳಿಗೆ ಆರು ಸೂತ್ರ

ಬೌದ್ಧಿಕ ಅಂಗವೈಕಲ್ಯವಿರುವ ಮಗನೋ ತಂಗಿಯೋ ಪದೇಪದೇ ಬೀಳುತ್ತಿದ್ದರೆ "ಮೊದಲಿಂದಲೂ ಹಾಗೇ" ಎಂದು ಸುಮ್ಮನಾಗುವ ಮನೆಗಳೇ ಹೆಚ್ಚು. ಮುಪ್ಪಿನ ತೊಂದರೆ ಎಂದು ನಾವು ತಿಳಿದಿರುವ ಈ ಬೀಳುವಿಕೆ ಇವರಲ್ಲಿ ನಡುವಯಸ್ಸಿಗೇ ಕಾಣುತ್ತದೆ. ಕಾರಣ ಹುಡುಕಿದರೆ ಬಹಳಷ್ಟು ಸಲ ಸಿಗುತ್ತದೆ.

1. ಬರೆದಿಡಿ. ಎಲ್ಲಿ ಬಿದ್ದರು, ಎಷ್ಟು ಹೊತ್ತಿಗೆ, ಕಾಲಲ್ಲಿ ಏನಿತ್ತು, ಕೈಯಲ್ಲಿ ಏನಿತ್ತು. ಗೋಡೆಯ ಕ್ಯಾಲೆಂಡರ್ ಸಾಕು.

2. ಮಾತ್ರೆ ಚೀಟಿ ತೆಗೆಯಿರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ರಕ್ತದಲ್ಲಿ ಹೆಚ್ಚಾದರೆ ನಡಿಗೆ ತೂರಾಡುತ್ತದೆ. ವರ್ಷಗಟ್ಟಲೆ ನುಂಗಿದರೆ ಮೂಳೆಯೂ ಟೊಳ್ಳಾಗಬಹುದು. ಮಂಪರು ತರುವ ಮಾತ್ರೆ, ಎದ್ದ ಕೂಡಲೇ ಬಿಪಿ ಇಳಿಸುವ ಮಾತ್ರೆ ಬೇರೆ. ಆದರೆ ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಮರುಕಳಿಸೀತು. ಕ್ಯಾಲೆಂಡರ್ ಹಿಡಿದು ಡಾಕ್ಟರ ಬಳಿ ಹೋಗಿ. ವಿಟಮಿನ್ ಡಿ ಪರೀಕ್ಷೆ ಬೇಕೇ ಎಂದೂ ಕೇಳಿ.

3. ಕಣ್ಣು ತೋರಿಸಿ. ಓದಲು ಬಾರದವರಿಗೆ ಚಿತ್ರಗಳ ಚಾರ್ಟ್ ಇರುತ್ತದೆ. 1978ರಲ್ಲಿ ಶುರುವಾದ ಶಂಕರ ನೇತ್ರಾಲಯ ನಿಮ್ಮ ಕಾಲೇಜ್ ರಸ್ತೆಯಲ್ಲೇ ಇದೆ. ಡೌನ್ ಸಿಂಡ್ರೋಮ್ ಇದ್ದವರಿಗೆ ಪೊರೆ ಬೇಗ ಬರುತ್ತದೆ. ಅವರ ನಡಿಗೆ ಇದ್ದಕ್ಕಿದ್ದಂತೆ ಬದಲಾಗಿ, ಕುತ್ತಿಗೆ ನೋವು ಬಂದು, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೊರಡಿ: ಕುತ್ತಿಗೆಯ ಮೇಲಿನ ಎರಡು ಮೂಳೆಗಳು ಜರುಗಿರಬಹುದು.

4. ಗಡಿಯಾರ ಹಿಡಿಯಿರಿ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಹಿರಿಯರಿಗಾಗಿ ಮಾಡಿದ ಈ ಪರೀಕ್ಷೆಯಲ್ಲಿ 12 ಸೆಕೆಂಡು ಹಿಡಿದರೆ ಎಚ್ಚರಿಕೆ. ನಿಮ್ಮವರಿಗೆ ಹೇಳಿದ್ದು ಅರ್ಥವಾಗದೆಯೂ ತಡವಾದೀತು. ಮೊದಲು ನೀವೇ ಮಾಡಿ ತೋರಿಸಿ. ಪಕ್ಕದ ಮನೆಯವರ ಜೊತೆ ಹೋಲಿಕೆ ಬೇಡ, ಅವರದೇ ಹಿಂದಿನ ಸಲದ ಲೆಕ್ಕ ನೋಡಿ.

5. ನೆಲ ನೋಡಿ. ರಂಗೋಲಿಗೆ ನೀರು ಚಿಮುಕಿಸಿದ ಹೊಸ್ತಿಲು, ಒದ್ದೆ ಬಚ್ಚಲು, ಸವೆದ ಹವಾಯಿ ಚಪ್ಪಲಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಹೊರಗಿನ ರಸ್ತೆಯನ್ನೂ ನೋಡಿ: ನಿಮ್ಮ ಲೇಕ್ ಏರಿಯಾ ಹೆಸರಿಗೆ ತಕ್ಕಂತೆ ಹಿಂದೆ ಕೆರೆಯೇ; ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಯಲ್ಲಿ ನೀರಿನಡಿಯ ಗುಂಡಿ ನಿಮಗೂ ಕಾಣುವುದಿಲ್ಲ.

6. ನಡೆಸಿ. ಬೀಳುತ್ತಾರೆಂದು ಕೂರಿಸಿದರೆ ಕಾಲಿನ ಬಲ ಕುಗ್ಗಿ ಇನ್ನಷ್ಟು ಬೀಳುತ್ತಾರೆ. ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲಲಿ, ಕೈ ಊರದೆ ಕುರ್ಚಿಯಿಂದ ಏಳಲಿ. ನೀವು ಪಕ್ಕದಲ್ಲೇ ಇರಿ. ಉಳಿದದ್ದನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡಲಿ. ಖರ್ಚಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿಯವರೆಗೆ, ಥೆರಪಿಯೂ ಸೇರಿ. ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಅರ್ಜಿ ಹಾಕಿ.