ಎಲೆಕ್ಟ್ರಾನಿಕ್ ಸಮರ: ಬೆಂಗಳೂರಿನ ಪಾಲು

ಶತ್ರುವಿನ ರೇಡಾರನ್ನು ಒಡೆಯದೆಯೇ ಕುರುಡಾಗಿಸುವ ವಿದ್ಯೆಯೂ ಎಲೆಕ್ಟ್ರಾನಿಕ್ ಸಮರದ ಭಾಗ. ಇದಕ್ಕೆ ಮೂರು ಮುಖ: ಎದುರಾಳಿಯ ಸಂಕೇತಗಳನ್ನು ಹಿಡಿದು ಮೂಲ ಗುರುತಿಸುವುದು, ಜಾಮಿಂಗ್‌ನಿಂದ ಅವನ್ನು ಕೆಡಿಸುವುದು, ಅಂಥದೇ ದಾಳಿಯಿಂದ ನಮ್ಮ ಸಂಪರ್ಕ ಕಾಪಾಡಿಕೊಳ್ಳುವುದು. ಮೂರನೆಯದು ಸೋತರೆ ಉಳಿದೆರಡೂ ವ್ಯರ್ಥ.

ಕರ್ನಾಟಕದ ಕೊಡುಗೆ ಇಲ್ಲಿ ನಿಜಕ್ಕೂ ಹೆಮ್ಮೆಯದು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಇಂಥ ವ್ಯವಸ್ಥೆಗಳನ್ನು ತಯಾರಿಸುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ‘ಡೇರ್’ ಯುದ್ಧವಿಮಾನಗಳಿಗೆ ರೇಡಾರ್ ಎಚ್ಚರಿಕೆ ಸಾಧನ ರೂಪಿಸಿದೆ. 2023ರ ಮಾರ್ಚ್‌ನಲ್ಲಿ ಎಲೆಕ್ಟ್ರಾನಿಕ್ ಸಮರ ವ್ಯವಸ್ಥೆಗಳ ‘ಹಿಮಶಕ್ತಿ’ ಯೋಜನೆಗೆ ರಕ್ಷಣಾ ಸಚಿವಾಲಯ ಬಿಇಎಲ್ ಜತೆ ಸುಮಾರು 3,000 ಕೋಟಿ ರೂ. ಒಪ್ಪಂದ ಮಾಡಿಕೊಂಡಿತು.

2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ, ಚೀನಾ ಪೂರೈಸಿದ್ದ ಪಾಕಿಸ್ತಾನದ ವಾಯುರಕ್ಷಣಾ ವ್ಯವಸ್ಥೆಗಳನ್ನು ಜಾಮ್ ಮಾಡಿ ಭಾರತೀಯ ವಾಯುಪಡೆ 23 ನಿಮಿಷಗಳಲ್ಲಿ ಕಾರ್ಯಾಚರಣೆ ಮುಗಿಸಿತೆಂದು ಸರ್ಕಾರ ತಿಳಿಸಿದೆ.