ಲೈನಿಗೆಲ್ಲ ಕೆಮ್ಮು ಹರಡದಿರಲು: ಹೊಸ ಸೂಪರ್‌ವೈಸರ್‌ಗೆ ಕಿವಿಮಾತು

ಮಗಳೇ, ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ನೀನು ಈಗ ಸೂಪರ್‌ವೈಸರ್ ಆದೆ ಎಂದು ಕೇಳಿ ಮನಸ್ಸು ತುಂಬಿತು. ಟಾರ್ಗೆಟ್ ಮುಟ್ಟಿಸುವುದು ಹೇಗೆಂದು ಹೇಳಿಕೊಡಲು ಹತ್ತು ಜನ ಇದ್ದಾರೆ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಒಬ್ಬಳಿಗೆ ಬಂದ ಕೆಮ್ಮು ವಾರದೊಳಗೆ ಇಡೀ ಲೈನನ್ನು ಹಿಡಿಯುತ್ತದಲ್ಲ, ಅದನ್ನು ತಡೆಯುವ ಬಗೆ ಹೇಳುವವರು ಕಡಿಮೆ. ಅಂಥದೇ ಫ್ಲೋರಿನಲ್ಲಿ ದುಡಿದು ತಲೆ ನರೆತವಳು ನಾನು. ಹೇಳುತ್ತೇನೆ, ಕೇಳು.

• ಕಾಯಿಲೆ ಬಂದವಳನ್ನು ಬೈಯಬೇಡ. ಜ್ವರ ಇಟ್ಟುಕೊಂಡೇ ಹುಡುಗಿಯರು ಬರುವುದು ಹಾಜರಿ ಬೋನಸ್ ತಪ್ಪುತ್ತದೆಂದು, ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಸಿಂಡರಿಸುತ್ತಾಳೆಂದು. ಬೋನಸ್ ನಿನ್ನ ಕೈಯಲ್ಲಿಲ್ಲ ನಿಜ, ಆಡುವ ಮಾತು ನಿನ್ನದೇ. "ಹೋಗಿ ಮಲಗಮ್ಮ, ಮಿಷಿನ್‌ಗೆ ಬೇರೆಯವರನ್ನ ಕೂರಿಸ್ತೀನಿ" ಅಂದು ನೋಡು, ಮುಂದಿನವಳು ಕಾಯಿಲೆ ಮುಚ್ಚಿಡುವುದಿಲ್ಲ. ಫ್ಲೂ ಲಕ್ಷಣ ಕಾಣುವ ಒಂದು ದಿನ ಮೊದಲೇ ಅಂಟಲು ಶುರುವಾಗಿ, ಆಮೇಲೆ 5ರಿಂದ 7 ದಿನ ಅಂಟುತ್ತದೆ. ಮಾತ್ರೆ ನುಂಗದೆಯೂ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕೆಲಸಕ್ಕೆ ಕರೆ.

• ಒಂದು ಕೆಲಸಕ್ಕೆ ಇಬ್ಬರನ್ನು ತಯಾರು ಮಾಡಿಟ್ಟುಕೋ. ಕಾಲರ್ ಕೂರಿಸುವವಳು ಒಬ್ಬಳೇ ಆದರೆ, ಅವಳಿಗೆ ಜ್ವರ ಬಂದ ದಿನವೂ ನೀನೇ ಬಾ ಎನ್ನಬೇಕಾಗುತ್ತದೆ. ಕೆಲಸ ಕಡಿಮೆ ಇದ್ದಾಗ ಹೆಲ್ಪರ್ ಹುಡುಗಿಗೆ ಕಾಲರ್, ಕಫ್ ಕಲಿಸು. ಆಗ ರಜೆ ಕೊಡುವ ಧೈರ್ಯ ತಾನಾಗಿ ಬರುತ್ತದೆ.

• ಇಎಸ್‌ಐ ವಿಷಯ ಬಾಯಿಬಿಟ್ಟು ಹೇಳು. ಸಂಬಳದಲ್ಲಿ ನೂರಕ್ಕೆ 75 ಪೈಸೆ ಇದಕ್ಕೇ ಹೋಗುತ್ತದೆ. ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಇದ್ದರೆ ಕಾಯಿಲೆ ರಜೆಗೆ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

• ಹೊಸ ಗಾಳಿ ಬರಲಿ. ಮಿಷಿನ್ ಶುರುವಾಗುವ ಮುಂಚೆ ಎದುರುಬದುರು ಕಿಟಕಿ ತೆಗೆಸು. ಅಡ್ಡಲಾಗಿ ಕಾರ್ಟನ್ ಪೇರಿಸಿದ್ದರೆ ಸರಿಸಲು ಹೇಳು. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೆ ಬಟ್ಟೆಯ ಧೂಳು ಮೆತ್ತಿಕೊಂಡಿರುತ್ತದೆ, ಆಗಾಗ ಒರೆಸಿಸು. ಕೆಮ್ಮಿದಾಗ ಸಿಡಿಯುವ ತೀರಾ ಸಣ್ಣ ಹನಿಗಳು ಗಾಳಿಯಾಡದ ಕಡೆ ಬಹಳ ಹೊತ್ತು ತೇಲುತ್ತಿರುತ್ತವೆ. ಸೀಲಿಂಗ್ ಫ್ಯಾನ್ ಅದೇ ಗಾಳಿಯನ್ನು ತಿರುಗಿಸುತ್ತದೆ ಅಷ್ಟೆ. ಮೇಲಿನವರನ್ನು ಕೇಳಲು ಅಂಜಬೇಡ. ಕೆಲಸದ ಕೋಣೆಗೆ ಹೊಸ ಗಾಳಿ ಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 13ನೇ ಸೆಕ್ಷನ್‌ನಲ್ಲೇ ಬರೆದಿದ್ದರು.

• ದಾರ ಬಾಯಿಗೆ ಹೋಗದಿರಲಿ. ಸೂಜಿಗೆ ಪೋಣಿಸುವಾಗ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುವುದು, ಹೊಲಿಗೆ ಮುಗಿದಾಗ ಹಲ್ಲಿನಿಂದ ಕಡಿಯುವುದು, ಎರಡೂ ನಮ್ಮವರಿಗೆ ರೂಢಿ. ಎಂಜಲು ತಾಗಿದ ಬಂಡಲ್ ಮುಂದಿನ ಮಿಷಿನ್‌ಗೆ ಹೋಗುತ್ತದೆ. ಅದನ್ನು ಬಿಚ್ಚಿದ ಕೈ ಮೂಗು ಉಜ್ಜುತ್ತದೆ. ಪ್ರತಿ ಮಿಷಿನ್‌ಗೂ ಟ್ರಿಮ್ಮರ್ ಕೊಡಿಸು.

• ಕೆಮ್ಮು ಇರುವವಳಿಗೆ ಮಾಸ್ಕ್, ಕಿಟಕಿ ಪಕ್ಕದ ಜಾಗ. ಲೈನಿನಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಕೂತಿರುತ್ತೀರಿ. ಮಾಸ್ಕ್ ಮೂಗನ್ನೂ ಮುಚ್ಚಿರಬೇಕು. ಮಾಸ್ಕ್ ಇಲ್ಲದಿದ್ದರೆ ಮೊಣಕೈ ಮಡಚಿ ಅದರೊಳಗೆ ಕೆಮ್ಮಲಿ. "ದೂರ ಹೋಗು" ಎಂದು ಎಲ್ಲರೆದುರು ಹೇಳಬೇಡ, ಹತ್ತಿರ ಕರೆದು ಹೇಳು.

• ಊಟದ ಹೊತ್ತು ಮರೆಯಬೇಡ. ಮಾಸ್ಕ್ ತೆಗೆದು ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ಆಗಲೇ. ಜಾಗ ಇದ್ದರೆ ಹೊರಗೆ ಮರದಡಿ ಕೂರಿ. ಪಲ್ಯ ಹಂಚಿಕೊಳ್ಳಿ, ಎಂಜಲು ಚಮಚ ಬೇಡ. ನೀರಿನ ಡ್ರಮ್ಮಿನ ಹತ್ತಿರ ಎಲ್ಲರಿಗೂ ಒಂದೇ ಲೋಟ ಇದ್ದರೆ ತೆಗೆಸಿಬಿಡು. ನಲ್ಲಿ ಹತ್ತಿರ ಸೋಪು ಇದೆಯೇ ನೋಡು. ಕೈಯನ್ನು 20 ಸೆಕೆಂಡಾದರೂ ಉಜ್ಜಿ ತೊಳೆಯಬೇಕು.

• ಬಸುರಿಯರು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರ ಮೇಲೆ ಕಣ್ಣಿಡು. ಇವರಿಗೆ ಫ್ಲೂ ಬಂದರೆ ಕಾದು ನೋಡುವುದು ಬೇಡ. ಫ್ಲೂ ಔಷಧಿ ಮೊದಲ 48 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲಿ. ಯಾರಿಗೇ ಆಗಲಿ ಏದುಸಿರು ಬಂದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಕಳಿಸು.

• ಎರಡು ವಾರ ದಾಟಿದ ಕೆಮ್ಮನ್ನು ಧೂಳಿನ ಕೆಮ್ಮು ಎಂದು ತಳ್ಳಿಹಾಕಬೇಡ. ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಚಿಕಿತ್ಸೆ ನಡೆಯುವಷ್ಟು ದಿನ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯೂ ಬರುತ್ತದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ನಡುವೆ ಬಿಡುವಂತಿಲ್ಲ. ಅವಳ ವಿಷಯ ನಿನ್ನ ಬಾಯಿಂದ ಲೈನಿಗೆ ಹೋಗಬಾರದು.

ಇಷ್ಟನ್ನೂ ಒಂದೇ ದಿನ ಮಾಡಲಾಗದು. ನಾಳೆ ಕಿಟಕಿ ತೆಗೆಸು. ಆಮೇಲೆ ಲೈನಿನ ಮುಂದೆ ನಿಂತು, "ಮೈ ಹುಷಾರಿಲ್ಲದಿದ್ರೆ ಮೊದಲು ನನಗೆ ಹೇಳಿ, ಬೈಯಲ್ಲ" ಎಂದು ಹೇಳು. ಶಿಪ್‌ಮೆಂಟ್ ತಲೆಯ ಮೇಲೆ ಕೂತಿರುವ ದಿನವೇ ಒಬ್ಬಳು ಬಂದು ರಜೆ ಕೇಳುತ್ತಾಳೆ. ಆ ದಿನವೂ ಕೊಟ್ಟ ಮಾತು ಉಳಿಸಿಕೋ, ಮಗಳೇ.