ನಾಲ್ಕನೇ ಡೌನ್‌ನ ಲೆಕ್ಕ: ಫಿಲಡೆಲ್ಫಿಯಾ ಈಗಲ್ಸ್, 2017

ಅಮೆರಿಕನ್ ಫುಟ್‌ಬಾಲ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟ, ಅಷ್ಟೇ. ಗುದ್ದಾಟ ಇದೆ, ಸುಳ್ಳಲ್ಲ. ಆದರೆ ಪ್ರತಿ ಗುದ್ದಾಟಕ್ಕೂ ಮುಂಚೆ ಅರ್ಧ ನಿಮಿಷ ಎಲ್ಲರೂ ನಿಂತು ಯೋಚನೆ ಮಾಡ್ತಾರೆ. ಪ್ರಾಬಬಿಲಿಟಿ ಕ್ಲಾಸಲ್ಲಿ ‘ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ’ ಅಂತ ಬರುತ್ತಲ್ಲ, ಆ ಆಟದಲ್ಲಿ ಅದಕ್ಕಿರುವ ಕೆಲಸ ಆ ಅರ್ಧ ನಿಮಿಷದಲ್ಲೇ. ಫಿಲಡೆಲ್ಫಿಯಾ ಈಗಲ್ಸ್ ತಂಡದ 2017ರ ಸೀಸನ್ ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ.

ಮೊದಲು ಒಂದೇ ಒಂದು ನಿಯಮ ತಿಳಿದುಕೊಳ್ಳಿ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ‘ಡೌನ್’ ಅಂತ ಹೆಸರು. 10 ಯಾರ್ಡ್ ದಾಟಿದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತವೆ. ಮೂರು ಮುಗಿದರೂ ದಾಟಿಲ್ಲ ಅಂದರೆ ನಾಲ್ಕನೆಯದರಲ್ಲಿ ಮೂರು ದಾರಿ. ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು ಒಂದು, ಇದೇ ಪಂಟ್. ಗೋಲ್ ಹತ್ತಿರದಲ್ಲಿದ್ದರೆ ಫೀಲ್ಡ್ ಗೋಲ್ ಒದ್ದು 3 ಅಂಕ ತಗೊಳ್ಳೋದು ಇನ್ನೊಂದು. ಮೂರನೆಯದು, ಆಡಿಯೇ ಬಿಡೋದು. ಆಡಿ ದಾಟದಿದ್ದರೆ ಚೆಂಡು ಅಲ್ಲೇ, ಅದೇ ಜಾಗದಲ್ಲೇ ಎದುರಾಳಿಯ ಕೈಗೆ.

ದಶಕಗಳ ಕಾಲ ಕೋಚ್‌ಗಳು ಕಣ್ಣು ಮುಚ್ಚಿಕೊಂಡು ಒದೆಯುತ್ತಿದ್ದರು. ಇದು ಸರಿಯಾ ಅನ್ನುವ ಪ್ರಶ್ನೆ ಹಳೆಯದು. ವರ್ಜಿಲ್ ಕಾರ್ಟರ್ ಎಂಬ ಕ್ವಾರ್ಟರ್‌ಬ್ಯಾಕ್ ಇನ್ನೂ ಆಡುತ್ತಿದ್ದಾಗಲೇ, 1971ರಲ್ಲಿ, ರಾಬರ್ಟ್ ಮ್ಯಾಕೋಲ್ ಜೊತೆ ಸೇರಿ ಆಪರೇಷನ್ಸ್ ರಿಸರ್ಚ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಮೈದಾನದ ಯಾವ ಜಾಗದಲ್ಲಿ ಚೆಂಡು ಇದ್ದರೆ ಸರಾಸರಿ ಎಷ್ಟು ಅಂಕದ ಬೆಲೆ ಅನ್ನೋದು ಅದರ ವಿಷಯ. 2006ರಲ್ಲಿ ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ಅದನ್ನೇ ಇನ್ನಷ್ಟು ಮುಂದಕ್ಕೆ ತಗೊಂಡು ಹೋಗಿ, ತಂಡಗಳು ಬೇಕಾದ್ದಕ್ಕಿಂತ ತೀರಾ ಹೆಚ್ಚು ಸಲ ಒದೆಯುತ್ತಿವೆ ಅಂತ ತೋರಿಸಿದರು. ಕೋಚ್‌ಗಳು ಇದನ್ನು ಓದಲಿಲ್ಲ ಅಂತಲ್ಲ. ಒದ್ದು ಸೋತರೆ ಆಟಗಾರರನ್ನು ಬೈತಾರೆ, ಆಡಿ ಸೋತರೆ ಕೋಚನ್ನು ಬೈತಾರೆ. ಆ ಭಯಕ್ಕೆ ಯಾವ ಫಾರ್ಮುಲಾನೂ ಇಲ್ಲ.

2009ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಕೋಚ್ ಬಿಲ್ ಬೆಲಿಚಿಕ್‌ಗೆ ಇದು ಚೆನ್ನಾಗಿ ಅನುಭವಕ್ಕೆ ಬಂತು. ಇಂಡಿಯಾನಾಪೊಲಿಸ್ ಎದುರು 34-28ರ ಮುನ್ನಡೆ, ಎರಡು ನಿಮಿಷ ಚಿಲ್ಲರೆ ಬಾಕಿ, ನಾಲ್ಕನೇ ಡೌನ್‌ಗೆ 2 ಯಾರ್ಡ್ ಬೇಕು, ಚೆಂಡು ತಮ್ಮದೇ 28ನೇ ಯಾರ್ಡ್‌ನಲ್ಲಿ. ಒದೆಯದೆ ಆಡಿಸಿದ. ದಾಟಲಿಲ್ಲ, 35-34ಕ್ಕೆ ಸೋತರು. ಲೆಕ್ಕ ಗೊತ್ತಿದ್ದವರು ನಿರ್ಧಾರ ಸರಿ ಅಂದರು, ಉಳಿದ ದೇಶವೆಲ್ಲ ಉಗಿಯಿತು.

ಈಗ ಈಗಲ್ಸ್‌ಗೆ ಬರೋಣ. ಕೋಚ್ ಡಗ್ ಪೀಡರ್ಸನ್. ಆಟಗಾರನಾಗಿದ್ದಾಗ ಹೆಚ್ಚು ಕಾಲ ಬೆಂಚ್ ಮೇಲೆ ಕೂತ ಕ್ವಾರ್ಟರ್‌ಬ್ಯಾಕ್, ಆಮೇಲೆ ಲೂಯಿಸಿಯಾನಾದ ಒಂದು ಹೈಸ್ಕೂಲಿನ ಕೋಚ್. ಈಗಲ್ಸ್‌ನಲ್ಲಿ ಮೊದಲ ವರ್ಷ, 2016ರಲ್ಲಿ, 7 ಗೆಲುವು 9 ಸೋಲು. 2017ರಲ್ಲಿ ಆ ತಂಡ ನಾಲ್ಕನೇ ಡೌನ್‌ನಲ್ಲಿ 26 ಸಲ ಆಡಿತು, 17 ಸಲ ದಾಟಿತು. ಪಂದ್ಯದ ಹೊತ್ತಲ್ಲಿ ಲೆಕ್ಕ ನೋಡುವವರು ಹೆಡ್‌ಸೆಟ್‌ನಲ್ಲೇ ಕೋಚ್‌ಗೆ ಸಿಗುತ್ತಿದ್ದರು. ಇಲ್ಲಿ ಒಂದು ಸೂಕ್ಷ್ಮ ಇದೆ. ನಾಲ್ಕನೆಯದರಲ್ಲೂ ಆಡುತ್ತೇವೆ ಅಂತ ಮೂರನೇ ಡೌನ್‌ಗೆ ಮುಂಚೆಯೇ ಗೊತ್ತಿದ್ದರೆ ಮೂರನೆಯ ಆಟವೇ ಬದಲಾಗುತ್ತೆ. 6 ಯಾರ್ಡ್ ಒಂದೇ ಏಟಿಗೆ ಬೇಕಿಲ್ಲ, ಈಗ ಮೂರು, ಆಮೇಲೆ ಮೂರು ಸಾಕು. ಅಂದರೆ ಧೈರ್ಯದ ಲಾಭ ನಾಲ್ಕನೇ ಡೌನ್‌ನಲ್ಲಿ ಮಾತ್ರ ಅಲ್ಲ.

ಎಲ್ಲಾ ಸಲ ಕೈಹಿಡಿಯಿತಾ? ಇಲ್ಲ. ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಜೈಂಟ್ಸ್ ಎದುರು 8 ಯಾರ್ಡ್ ಬೇಕಿದ್ದಾಗಲೂ ಆಡಿಸಿ ಎಡವಿದರು, ಟೀಕೆಯೂ ಬಂತು. ಆ ಪಂದ್ಯ ಗೆದ್ದಿದ್ದು ಜೇಕ್ ಎಲಿಯಟ್ ಎಂಬ ಹೊಸ ಹುಡುಗ ಕೊನೇ ಕ್ಷಣದಲ್ಲಿ ಒದ್ದ 61 ಯಾರ್ಡ್ ಫೀಲ್ಡ್ ಗೋಲ್‌ನಿಂದ. ಅದೃಷ್ಟ ಇಲ್ಲದೆ ಯಾವ ಸೀಸನ್ನೂ ಆಗಲ್ಲ ಬಿಡಿ.

ದುರದೃಷ್ಟಾನೂ ಬಂತು. ಡಿಸೆಂಬರ್ 10, ಲಾಸ್ ಏಂಜಲೀಸ್. 13 ಪಂದ್ಯದಲ್ಲಿ 33 ಟಚ್‌ಡೌನ್ ಪಾಸ್ ಎಸೆದಿದ್ದ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಗೋಲ್ ಕಡೆ ಹಾರಿದಾಗ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಹರಿದ ಮೇಲೂ ಕೆಲವು ಆಟ ಮೈದಾನದಲ್ಲೇ ಇದ್ದು, ಆ 33ನೆಯ ಟಚ್‌ಡೌನನ್ನು ಎಸೆದೇ ಹೊರಗೆ ನಡೆದ. ಅದು ಯಾವ ಡೌನ್ ಅಂತೀರಿ? ನಾಲ್ಕನೆಯದೇ. ಪಂದ್ಯ 43-35ಕ್ಕೆ ಗೆದ್ದರು, ಆದರೆ ಅವನ ಸೀಸನ್ ಅಲ್ಲಿಗೆ ಮುಗಿಯಿತು. ಬದಲಿಗೆ ಬಂದವನು ನಿಕ್ ಫೋಲ್ಸ್, 2016ರಲ್ಲಿ ಆಟವನ್ನೇ ಬಿಡುವ ಯೋಚನೆ ಮಾಡಿದ್ದವನು. 13 ಗೆಲುವು 3 ಸೋಲಿನೊಂದಿಗೆ ಅಗ್ರಸ್ಥಾನದಲ್ಲಿದ್ದರೂ ಪ್ಲೇಆಫ್‌ನಲ್ಲಿ, ಅದೂ ತವರಿನಲ್ಲಿ, ಇವರೇ ಸೋಲುತ್ತಾರೆ ಅಂತ ಬೆಟ್ಟಿಂಗ್ ಲೆಕ್ಕ ಹೇಳ್ತಿತ್ತು. ಅಟ್ಲಾಂಟಾ ಎದುರು ಗೆದ್ದಿದ್ದು 15-10. ಅದರಲ್ಲಿ ಇವರ ಒಂದೇ ಟಚ್‌ಡೌನ್ ನಾಲ್ಕನೇ ಡೌನ್‌ನಲ್ಲಿ ಬಂತು, ಎದುರಾಳಿಯ ಕೊನೇ ಆಸೆ ಮುರಿದಿದ್ದೂ ನಾಲ್ಕನೇ ಡೌನ್‌ನಲ್ಲೇ. ಮುಂದಿನ ಪಂದ್ಯದಲ್ಲಿ ಮಿನೆಸೋಟಾವನ್ನು 38-7ಕ್ಕೆ ಬಗ್ಗುಬಡಿದರು.

2018ರ ಫೆಬ್ರವರಿ 4, ಮಿನಿಯಾಪೊಲಿಸ್, ಸೂಪರ್ ಬೌಲ್. ಎದುರಿಗೆ ಅದೇ ಬೆಲಿಚಿಕ್, ಟಾಮ್ ಬ್ರೇಡಿ. ಮೊದಲರ್ಧ ಮುಗಿಯಲು 38 ಸೆಕೆಂಡ್, ಈಗಲ್ಸ್ 15-12 ಮುಂದೆ, ನಾಲ್ಕನೇ ಡೌನ್, ಗೋಲಿಗೆ ಒಂದೇ ಯಾರ್ಡ್. ಪೆನ್ನು ತಗೊಳ್ಳಿ. ಒದ್ದರೆ ಹೆಚ್ಚುಕಡಿಮೆ ಖಚಿತ 3. ಟಚ್‌ಡೌನ್ ಆದರೆ 6, ಹೆಚ್ಚುವರಿ ಕಿಕ್ ಸೇರಿ ಸುಮಾರು 7. ಗೆಲ್ಲುವ ಸಂಭವನೀಯತೆ p ಅಂದರೆ 7p > 3 ಆಗಬೇಕು, p ಶೇ. 43 ದಾಟಿದರೆ ಸಾಕು. ಒಂದು ಯಾರ್ಡ್‌ಗೆ ಅಷ್ಟು ಸಿಗಲ್ವಾ? ಸೋತರೂ ಎದುರಾಳಿ ತನ್ನ ಗೋಲಿನ ಬಾಯಲ್ಲಿ, ಅರ್ಧ ನಿಮಿಷ ಇಟ್ಟುಕೊಂಡು ಶುರು ಮಾಡಬೇಕು.

ಟೈಮ್‌ಔಟ್‌ನಲ್ಲಿ ಫೋಲ್ಸ್ ತಾನೇ ಕೋಚ್ ಹತ್ತಿರ ಹೋಗಿ ಒಂದು ಕಣ್ಕಟ್ಟಿನ ಆಟ ಸೂಚಿಸಿದ, ಪೀಡರ್ಸನ್ ಒಪ್ಪಿದ. ಚೆಂಡು ನೇರ ಕೋರಿ ಕ್ಲೆಮೆಂಟ್ ಕೈಗೆ, ಅಲ್ಲಿಂದ ಟ್ರೇ ಬರ್ಟನ್‌ಗೆ. ಬರ್ಟನ್ ಎಸೆದ, ಯಾರೂ ಕಾಯದೆ ಬಿಟ್ಟಿದ್ದ ಫೋಲ್ಸ್ ಹಿಡಿದ. ಕ್ವಾರ್ಟರ್‌ಬ್ಯಾಕೇ ಪಾಸ್ ಹಿಡಿದು ಟಚ್‌ಡೌನ್! 22-12. ತಮಾಷೆ ಏನಂದ್ರೆ, ಅದೇ ಕ್ವಾರ್ಟರ್‌ನಲ್ಲಿ ಬ್ರೇಡಿಗೂ ಇಂಥದ್ದೇ ಪಾಸ್ ಬಂದಿತ್ತು, ಕೈಜಾರಿತ್ತು.

ಎಲ್ಲರೂ ನೆನಪಿಟ್ಟುಕೊಂಡಿರೋದು ಆ ಕಣ್ಕಟ್ಟನ್ನು. ನನ್ನ ಪ್ರಕಾರ ದೊಡ್ಡ ನಿರ್ಧಾರ ಅದಲ್ಲ. ಕೊನೇ ಕ್ವಾರ್ಟರ್, 5 ನಿಮಿಷ 39 ಸೆಕೆಂಡ್ ಬಾಕಿ, 33-32ಕ್ಕೆ ಹಿಂದೆ, ನಾಲ್ಕನೇ ಡೌನ್, 1 ಯಾರ್ಡ್ ಬೇಕು, ಚೆಂಡು ತಮ್ಮದೇ 45ರಲ್ಲಿ. ಹಳೇ ಕಾಲದ ಕೋಚ್ ಆಗಿದ್ದರೆ ಒದ್ದು, ನಮ್ಮ ರಕ್ಷಣೆ ನೋಡಿಕೊಳ್ಳುತ್ತೆ ಅಂತಿದ್ದ. ಆದರೆ ದ್ವಿತೀಯಾರ್ಧದಲ್ಲಿ ಬ್ರೇಡಿ ಮೂರು ಸಲ ಚೆಂಡು ಪಡೆದು ಮೂರು ಸಲವೂ ಟಚ್‌ಡೌನ್ ಮಾಡಿದ್ದ. ಇಡೀ ಪಂದ್ಯದಲ್ಲಿ ಆದ ಪಂಟ್ ಒಂದೇ ಒಂದು. ಇಂಥವನಿಗೆ ಚೆಂಡನ್ನು ದೂರದಲ್ಲಿ ಕೊಟ್ಟರೇನು, ಹತ್ತಿರದಲ್ಲಿ ಕೊಟ್ಟರೇನು? ಪೀಡರ್ಸನ್ ಆಡಿಸಿದ. ಫೋಲ್ಸ್ ಎಸೆದ, ಝಾಕ್ ಅರ್ಟ್ಜ್ ಹಿಡಿದ, ಬಂದಿದ್ದು 2 ಯಾರ್ಡ್. ಅದೇ ಓಟ ಮುಂದುವರಿದು 2 ನಿಮಿಷ 21 ಸೆಕೆಂಡ್ ಇರುವಾಗ ಅರ್ಟ್ಜ್‌ನದೇ ಟಚ್‌ಡೌನ್. ಮರುಕ್ಷಣವೇ ಬ್ರ್ಯಾಂಡನ್ ಗ್ರಹಾಂ ಬ್ರೇಡಿಯ ಕೈಯಿಂದ ಚೆಂಡು ಉದುರಿಸಿದ. ಕೊನೆಗೆ 41-33, ಫ್ರಾಂಚೈಸಿಯ ಮೊದಲ ಸೂಪರ್ ಬೌಲ್, 1960ರ ನಂತರದ ಮೊದಲ ಚಾಂಪಿಯನ್ ಪಟ್ಟ.

ಹಾಗಂತ ‘ಗೆದ್ದರು, ಆದ್ದರಿಂದ ಸರಿ’ ಅನ್ನಬೇಡಿ. ಹಾಗಂದರೆ 2009ರ ಬೆಲಿಚಿಕ್ ತಪ್ಪು ಅನ್ನಬೇಕಾಗುತ್ತೆ. ಎರಡೂ ಒಂದೇ ಲೆಕ್ಕ. ಒಂದರಲ್ಲಿ ನಾಣ್ಯ ಬೇಕಾದ ಕಡೆ ಬಿತ್ತು, ಇನ್ನೊಂದರಲ್ಲಿ ಬೀಳಲಿಲ್ಲ. ಅದೇ ಸೂಪರ್ ಬೌಲ್‌ನಲ್ಲಿ ಈಗಲ್ಸ್ ಎರಡು ಸಲ 2 ಅಂಕದ ಪ್ರಯತ್ನ ಮಾಡಿ ಎರಡರಲ್ಲೂ ಸೋತಿದ್ದು ಯಾರಿಗೂ ನೆನಪಿಲ್ಲ. ಇದೇ ಪೀಡರ್ಸನ್ ಮೂರು ವರ್ಷದ ನಂತರ 4 ಗೆಲುವು, 11 ಸೋಲು, 1 ಟೈ ಆದಾಗ ಕೆಲಸ ಕಳಕೊಂಡ.

ಒಂದು ಲೆಕ್ಕ ನಿಮಗೆ. ಆ 45ನೇ ಯಾರ್ಡ್‌ನಲ್ಲಿ ದಾಟಿದರೆ ಪಂದ್ಯ ಗೆಲ್ಲುವ ಸಂಭವನೀಯತೆ 0.50, ದಾಟದಿದ್ದರೆ 0.20, ಒದ್ದರೆ 0.30 ಅಂತಿಟ್ಟುಕೊಳ್ಳಿ. ಅಂಕಿ ನನ್ನ ಊಹೆ, ಬೇಕಾದರೆ ಬದಲಿಸಿ. ಆಡಲು p ಎಷ್ಟಿರಬೇಕು? ಮೂರನೇ ಒಂದು ಭಾಗ ಬರಬೇಕು. ಆಮೇಲೆ 0.30 ಜಾಗದಲ್ಲಿ 0.40 ಹಾಕಿ, ಅಂದರೆ ಎದುರಿಗೆ ಬ್ರೇಡಿ ಇಲ್ಲ ಅಂತ, ಉತ್ತರ ಎಷ್ಟು ಏರುತ್ತೆ ನೋಡಿ.